ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹರಿಸಿದರೆ ಸಾಕೇ?

ಬೈಕಿನ ಮುಂದಿನ ಚಕ್ರವನ್ನು ಮೇಲಕ್ಕೆತ್ತಿ, ಹಿಂದಿನ ಒಂದೇ ಚಕ್ರದಲ್ಲಿ ಓಡಿಸುವ ಹುಚ್ಚಾಟಕ್ಕೆ ‘ವ್ಹೀಲಿ’ ಎಂದು ಹೆಸರು. ಒಂದು ಕಾಲದಲ್ಲಿ ಬೆಂಗಳೂರಿನ ಅಗಲವಾದ ರಸ್ತೆಗಳಿಗೆ ಸೀಮಿತವಾಗಿದ್ದ ಈ ಶಬ್ದ ಈಗ ಗಂಗಾವತಿಯ ಭತ್ತದ ಗದ್ದೆಗಳ ನಡುವಿನ ರಸ್ತೆಗೂ ಬಂದು ತಲುಪಿದೆ. 2024ರ ಅಕ್ಟೋಬರ್‌ನಲ್ಲಿ ಗಂಗಾವತಿ ತಾಲೂಕಿನಲ್ಲಿ ಒಂದೇ ಬೈಕಿನಲ್ಲಿ ಮೂವರು ಕುಳಿತು ವ್ಹೀಲಿ ಮಾಡುತ್ತಿದ್ದುದನ್ನು ಪೊಲೀಸರು ಕಂಡು ತಡೆಯಲು ಹೋದರು. ಯುವಕರು ಪೊಲೀಸರ ಮೇಲೆಯೇ ಎರಗಿದರು ಮತ್ತು ಅವರ ಮೊಬೈಲ್ ಫೋನುಗಳನ್ನು ತುಂಗಭದ್ರಾ ಕಾಲುವೆಗೆ ಎಸೆದರು ಎಂಬುದು ಆರೋಪ. 2025ರ ಮೇ ತಿಂಗಳಲ್ಲಿ ಈ ಪ್ರಕರಣದ ಆರೋಪಿಯ ಜಾಮೀನು ಅರ್ಜಿಯು ಹೈಕೋರ್ಟಿನ ಮುಂದೆ ಬಂದಾಗ ನ್ಯಾಯಮೂರ್ತಿ ವಿ. ಶ್ರೀಶಾನಂದರು ಜಾಮೀನು ನಿರಾಕರಿಸಿದ್ದಷ್ಟೇ ಅಲ್ಲ, ಈ ಪಿಡುಗು ಮಹಾನಗರಗಳ ಗಡಿ ದಾಟಿ ಹಳ್ಳಿಗಳಿಗೂ ಹಬ್ಬಿದೆಯೆಂದೂ, ಯುವಕರು ಇದನ್ನೇ ಶೌರ್ಯವೆಂದು ಭಾವಿಸಿದ್ದಾರೆಂದೂ, ಈಗಿರುವ ಕಾನೂನು ಇದಕ್ಕೆ ಸಾಲದೆಂದೂ ಅಭಿಪ್ರಾಯಪಟ್ಟರು. ಕಠಿಣ ನಿಯಮಗಳನ್ನು ರೂಪಿಸುವುದು ಸರಕಾರದ ಹೊಣೆಯೆಂದು ನೆನಪಿಸಿದರು.

ನ್ಯಾಯಾಲಯದ ಆತಂಕವು ನ್ಯಾಯಯುತವಾದುದು. ಇದರಲ್ಲಿ ಎರಡು ಮಾತಿಲ್ಲ. ಆದರೆ ಕಾನೂನು ಸಾಲದು ಎಂಬ ಮಾತನ್ನು ಎಷ್ಟರ ಮಟ್ಟಿಗೆ ಒಪ್ಪಬಹುದು ಎಂಬುದು ಚರ್ಚಾರ್ಹ. ಕಾನೂನು ಇಲ್ಲದಿರುವುದರಿಂದ ಹೀಗಾಗುತ್ತಿದೆಯೇ ಅಥವಾ ಇರುವ ಕಾನೂನು ಒಬ್ಬನ ಬಳಿ ಮಾತ್ರ ಬಂದು ನಿಂತುಬಿಡುವುದರಿಂದ ಹೀಗಾಗುತ್ತಿದೆಯೇ?

ಗಂಗಾವತಿಯಿಂದ ಆನೆಗೊಂದಿ, ಅಂಜನಾದ್ರಿ ಬೆಟ್ಟ, ಹನುಮನಹಳ್ಳಿಗಳನ್ನು ದಾಟಿ ವಿರೂಪಾಪುರಗಡ್ಡೆ, ಸಾಣಾಪುರಗಳತ್ತ ಸಾಗುವ ರಸ್ತೆಯನ್ನು ಬಲ್ಲವರಿಗೆ ಅದರ ಆಕರ್ಷಣೆಯನ್ನು ವಿವರಿಸಬೇಕಾಗಿಲ್ಲ. ಒಂದು ಕಡೆ ಹಸಿರು ಗದ್ದೆ, ಇನ್ನೊಂದು ಕಡೆ ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗಳು, ಹೊಳೆಯಾಚೆ ಹಂಪಿಯ ವಿರೂಪಾಕ್ಷ ದೇವಾಲಯದ ಗೋಪುರ. ವಾರಾಂತ್ಯವೆಂದರೆ ಬೆಂಗಳೂರು, ಹೈದರಾಬಾದ್‌ಗಳ ವಾಹನಗಳು ಇಲ್ಲಿಗೆ ಬರುತ್ತವೆ. ಎತ್ತರಿಸಿದ ಜೀಪುಗಳು, ಅಗಲ ಟಯರಿನ ಕಾರುಗಳು, ಗುಡುಗುವ ಬೈಕುಗಳು. ಅವನ್ನು ನೋಡುತ್ತಾ ಬೆಳೆಯುವ ಸ್ಥಳೀಯ ಯುವಕನ ಬಳಿ ಇರುವುದು ಕಂತಿನಲ್ಲಿ ಕೊಂಡ ಅಥವಾ ಮೂರನೆಯವನಿಂದ ಖರೀದಿಸಿದ ಹಳೆಯ ಬೈಕು. ಅದರ ಸೈಲೆನ್ಸರನ್ನು ಬದಲಿಸಿ, ಕನ್ನಡಿಗಳನ್ನು ಕಿತ್ತು, ನಂಬರ್ ಪ್ಲೇಟನ್ನು ಮಡಚಿ ಆತನೂ ಅದೇ ರಸ್ತೆಗಿಳಿಯುತ್ತಾನೆ. ಗೆಳೆಯನೊಬ್ಬ ಮೊಬೈಲ್ ಹಿಡಿದು ಚಿತ್ರೀಕರಿಸುತ್ತಾನೆ. ಅರ್ಧ ನಿಮಿಷದ ಆ ರೀಲನ್ನು ಪಕ್ಕದ ಊರಿನ ಇನ್ನೊಬ್ಬ ನೋಡುತ್ತಾನೆ. ಆತ ಇದಕ್ಕಿಂತ ದೊಡ್ಡದನ್ನು ಮಾಡಬೇಕು. ಪೈಪೋಟಿ ಹುಟ್ಟುವುದು ಹೀಗೆ. ಅದಕ್ಕೆ ಹಳೆಯ ವೈರವಾಗಲಿ, ಜಾತಿ-ಧರ್ಮದ ಕಾರಣವಾಗಲಿ ಬೇಕಿಲ್ಲ. ಎಷ್ಟು ಮಂದಿ ನೋಡಿದರು ಎಂಬ ಲೆಕ್ಕವೊಂದು ಸಾಕು.

ವಿರೂಪಾಪುರಗಡ್ಡೆಯ ಹೆಸರನ್ನು ಇಲ್ಲಿ ಪ್ರಸ್ತಾಪಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ತುಂಗಭದ್ರೆಯ ನಡುವಿನ ಈ ಪುಟ್ಟ ಜಾಗ ಮೋಜಿನ ಕೂಟಗಳಿಗೂ ಪೊಲೀಸ್ ದಾಳಿಗಳಿಗೂ ಏಕಕಾಲದಲ್ಲಿ ಹೆಸರುವಾಸಿಯಾಗಿತ್ತು. ದಾಳಿಗಳಾದವು, ಎಚ್ಚರಿಕೆಗಳಾದವು, ಮತ್ತೆ ಕೂಟಗಳಾದವು. ಕೊನೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶದ ನಿಯಮಗಳನ್ನು ಉಲ್ಲಂಘಿಸಿ ಕಟ್ಟಿದ ರೆಸಾರ್ಟುಗಳನ್ನು ತೆರವುಗೊಳಿಸುವ ಆದೇಶವನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು ಮತ್ತು ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಗಡ್ಡೆ ಖಾಲಿಯಾಯಿತು. ಆದರೆ ಮೋಜು ಖಾಲಿಯಾಯಿತೇ? ಅದು ಅಲ್ಲಿಂದೆದ್ದು ಸಾಣಾಪುರ, ಹನುಮನಹಳ್ಳಿಗಳ ಕಡೆಗೆ ಹೋಯಿತು, ಅಷ್ಟೇ. ಕಟ್ಟಡಗಳನ್ನು ಕೆಡವಿದ್ದು ಸರಿಯೇ. ಆದರೆ ಬೇಡಿಕೆಯನ್ನು ಕೆಡವಲು ಜೆಸಿಬಿಗೆ ಸಾಧ್ಯವಿಲ್ಲ ಎಂಬುದನ್ನು ಆಡಳಿತವು ಅಂದೇ ಕಲಿಯಬೇಕಿತ್ತು.

ಈಗ ಸೈಲೆನ್ಸರ್‌ಗಳ ವಿಷಯಕ್ಕೆ ಬರೋಣ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಮಾರ್ಪಡಿಸಿದ ಸೈಲೆನ್ಸರ್‌ಗಳನ್ನು ವಶಪಡಿಸಿ, ರಸ್ತೆಯ ಮೇಲೆ ಸಾಲಾಗಿ ಜೋಡಿಸಿ, ಅವುಗಳ ಮೇಲೆ ರೋಡ್ ರೋಲರ್ ಹರಿಸುವ ದೃಶ್ಯವನ್ನು ನಾವು ನೋಡಿದ್ದೇವೆ. ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಟಿ.ವಿ.ಯಲ್ಲಿ ಸುದ್ದಿಯಾಗುತ್ತದೆ. ರಾತ್ರಿಯ ನಿದ್ದೆ ಕಳೆದುಕೊಂಡ ನಾಗರಿಕರು ಚಪ್ಪಾಳೆ ತಟ್ಟುತ್ತಾರೆ. ಅವರ ಚಪ್ಪಾಳೆಯಲ್ಲಿ ತಪ್ಪೇನೂ ಇಲ್ಲ. ನಡುರಾತ್ರಿ ಆಸ್ಪತ್ರೆಯ ಮುಂದೆ, ಹಸುಗೂಸು ಮಲಗಿರುವ ಮನೆಯ ಮುಂದೆ ಗುಂಡು ಹಾರಿಸಿದಂತೆ ಸದ್ದು ಮಾಡುತ್ತಾ ಹೋಗುವವನ ಬಗ್ಗೆ ಯಾರಿಗೆ ತಾನೇ ಅನುಕಂಪವಿದ್ದೀತು? ಆದರೆ ಆ ರೋಡ್ ರೋಲರ್ ಹರಿಯುವ ರಸ್ತೆಯಿಂದ ನಾಲ್ಕು ಹೆಜ್ಜೆ ನಡೆದರೆ ಅದೇ ಸೈಲೆನ್ಸರ್ ಅಂಗಡಿಯಲ್ಲಿ ತೂಗುತ್ತಿರುತ್ತದೆ. ಬೆಲೆ ಚೀಟಿಯೊಂದಿಗೆ. ಆನ್‌ಲೈನ್ ಮಾರುಕಟ್ಟೆಯಲ್ಲಿ ಅದಕ್ಕೆ ರಿಯಾಯಿತಿಯೂ ಇದೆ, ಮನೆ ಬಾಗಿಲಿಗೆ ತಲುಪಿಸುವ ವ್ಯವಸ್ಥೆಯೂ ಇದೆ. ಕೊಂಡವನು ಅಪರಾಧಿ, ಮಾರಿದವನು ವ್ಯಾಪಾರಿ. ಇದು ಯಾವ ಸೀಮೆಯ ನ್ಯಾಯ?

ಇಷ್ಟಕ್ಕೂ ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷ ಸಂಸತ್ತು ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಹೊಸ ರೂಪ ಪಡೆಯಿತು. ಅಕ್ರಮವಾಗಿ ವಾಹನವನ್ನು ಮಾರ್ಪಡಿಸಿದ ಮಾಲಿಕನಿಗೆ 6 ತಿಂಗಳವರೆಗೆ ಸಜೆ ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ. ಆದರೆ ಅದೇ ಸೆಕ್ಷನ್ನಿನ ಮೊದಲ ಉಪವಿಧಿಯನ್ನು ಓದಿದವರು ಎಷ್ಟು ಮಂದಿ? ನಿಯಮ ಮೀರಿದ ವಾಹನವನ್ನು ಮಾರುವ ಅಥವಾ ಮಾರ್ಪಡಿಸುವ ತಯಾರಕ, ಆಮದುದಾರ, ಡೀಲರುಗಳಿಗೆ 1 ವರ್ಷದವರೆಗೆ ಸಜೆ ಅಥವಾ ವಾಹನವೊಂದಕ್ಕೆ 1 ಲಕ್ಷ ರೂಪಾಯಿ ದಂಡವನ್ನು ಅದು ವಿಧಿಸುತ್ತದೆ. ಶಾಸನ ರೂಪಿಸಿದವರಿಗೆ ದೊಡ್ಡ ಹೊಣೆ ಯಾರದ್ದೆಂಬುದು ಗೊತ್ತಿತ್ತು. ಹುಡುಗನಿಗೆ 5 ಸಾವಿರವಾದರೆ ವ್ಯಾಪಾರಿಗೆ ಲಕ್ಷ. ಆದರೆ ಬೀದಿಗೆ ಬರುವಾಗ ಈ ಕಾನೂನು ತಲೆಕೆಳಗಾಯಿತು.

ಬಿಡಿಭಾಗ ಮಾರುವ ಅಂಗಡಿಗಳಿಗೆ ನುಣುಚಿಕೊಳ್ಳುವ ದಾರಿಯೂ ಇದೆ. ಇದು ರೇಸ್ ಟ್ರ್ಯಾಕ್‌ನಲ್ಲಿ ಬಳಸಲು ಮಾತ್ರ ಎಂದು ಪೊಟ್ಟಣದ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದರೆ ಅವರ ಕೈ ಶುದ್ಧ. ಗಂಗಾವತಿಯಲ್ಲಿ ಯಾವ ರೇಸ್ ಟ್ರ್ಯಾಕ್ ಇದೆ? ಕೊಪ್ಪಳದಲ್ಲಿ? ಕುಷ್ಟಗಿಯಲ್ಲಿ? ಕೊಂಡ ಕ್ಷಣದಿಂದಲೇ ಅದು ರಸ್ತೆಗಿಳಿಯುತ್ತದೆ ಎಂಬುದು ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು, ಅಂಗಡಿಯ ಮುಂದೆ ನಿಂತು ಚಹಾ ಕುಡಿಯುವ ಪೇದೆಗೂ ಗೊತ್ತು. ಹೈಕೋರ್ಟಿನ ಸಲಹೆಯಂತೆ ಸರಕಾರವು ಹೊಸ ನಿಯಮವೊಂದನ್ನು ರಚಿಸುವುದಾದರೆ ಅದರ ಮೊದಲ ವಾಕ್ಯ ಈ ಸಣ್ಣ ಅಕ್ಷರಗಳ ಬಗ್ಗೆಯೇ ಇರಬೇಕು.

ಇನ್ನು ಮಾರ್ಪಡಿಸಿದ ವಾಹನವೆಂದರೆ ಕೇವಲ ಗುಡುಗುವ ಬೈಕು ಎಂಬ ತಿಳುವಳಿಕೆಯೂ ಸರಿಯಲ್ಲ. ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರಲ್ಲಿಯೇ ನಿಷೇಧಿಸಿದೆ. ಕಾರಿನ ಮುಂಭಾಗಕ್ಕೆ ಕಬ್ಬಿಣದ ಬುಲ್ ಬಾರ್ ಅಳವಡಿಸುವುದರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಬರೆದಿದೆ. ಢಿಕ್ಕಿಯಾದಾಗ ಪಾದಚಾರಿಯನ್ನು ಕೊಲ್ಲುವ, ಏರ್ ಬ್ಯಾಗುಗಳನ್ನೂ ಗೊಂದಲಕ್ಕೀಡು ಮಾಡುವ ಅಳವಡಿಕೆ ಅದು. ಯಾವುದಾದರೂ ರಾಜಕೀಯ ಸಮಾವೇಶದ ವಾಹನ ನಿಲುಗಡೆಯಲ್ಲಿ ಅರ್ಧ ಗಂಟೆ ಸುತ್ತಾಡಿ ಬನ್ನಿ. ಕಪ್ಪು ಗಾಜು, ಕಬ್ಬಿಣದ ಕಂಬಿ, ಕರ್ಕಶ ಹಾರ್ನ್ ಯಾವುದಕ್ಕೂ ಅಲ್ಲಿ ಕೊರತೆಯಿಲ್ಲ. ಅವುಗಳಿಗೆ ರೋಡ್ ರೋಲರ್ ಬಂದುದನ್ನು ನೋಡಿದವರಿದ್ದರೆ ತಿಳಿಸಬೇಕು. ಚುನಾವಣೆ ಬಂದಾಗ ಎಲ್ಲ ಪಕ್ಷಗಳೂ ಬೈಕ್ ರ‍್ಯಾಲಿ ನಡೆಸುತ್ತವೆ. ಹೆಲ್ಮೆಟ್ ಇರುವುದಿಲ್ಲ, ಒಂದೊಂದು ಬೈಕಿನಲ್ಲಿ ಮೂವರು ಇರುತ್ತಾರೆ, ಸೈಲೆನ್ಸರ್ ಬಿಚ್ಚಿರುತ್ತದೆ ಮತ್ತು ಮುಂದೆ ಪೊಲೀಸ್ ಜೀಪು ದಾರಿ ಮಾಡಿಕೊಡುತ್ತಾ ಸಾಗುತ್ತದೆ. ಅಂದು ಅದೇ ಯುವಕ ಪಕ್ಷದ ಆಸ್ತಿ, ಮರುದಿನ ಒಂಟಿಯಾಗಿ ಸಿಕ್ಕರೆ ಸಮಾಜ ಕಂಟಕ. ಈ ಪಾಠವನ್ನು ಆತ ಬಹಳ ಬೇಗ ಕಲಿಯುತ್ತಾನೆ. ಕಾನೂನೆಂದರೆ ಸಿಕ್ಕಿಬೀಳದಿರುವುದು ಎಂದು ಆತ ಅರ್ಥೈಸಿಕೊಂಡರೆ ಅದರಲ್ಲಿ ಆತನೊಬ್ಬನದೇ ತಪ್ಪಿಲ್ಲ.

ಅಬ್ಬರದ ಕಾರ್ಯಾಚರಣೆಗಳಿಂದ ಇನ್ನೊಂದು ಅಪಾಯವೂ ಇದೆ. ಪ್ರದರ್ಶನಕ್ಕೆ ಪ್ರದರ್ಶನವೇ ಉತ್ತರವಾದಾಗ ಗೆಲ್ಲುವುದು ಪ್ರದರ್ಶನವೇ ಹೊರತು ಕಾನೂನಲ್ಲ. 2021ರ ಆಗಸ್ಟ್‌ನಲ್ಲಿ, ಕಾಸರಗೋಡಿನ ನೆರೆಯ ಕಣ್ಣೂರಿನಲ್ಲಿ ನಡೆದುದನ್ನು ನೆನಪಿಸಿಕೊಳ್ಳಿ. ‘ಇ ಬುಲ್ ಜೆಟ್’ ಎಂಬ ಯೂಟ್ಯೂಬ್ ಚಾನೆಲಿನ ಇಬ್ಬರು ಸಹೋದರರು ತಮ್ಮ ಟೆಂಪೋ ಟ್ರಾವೆಲರನ್ನು ಮನೆಯಂತೆ ಮಾರ್ಪಡಿಸಿದ್ದರು. ಸಾರಿಗೆ ಇಲಾಖೆಯು ಅದನ್ನು ವಶಪಡಿಸಿದಾಗ ಅವರು ಕಚೇರಿಗೇ ಬಂದು ಗದ್ದಲವೆಬ್ಬಿಸಿದರು, ನೇರ ಪ್ರಸಾರ ಮಾಡಿದರು ಮತ್ತು ಬಂಧಿತರಾದರು. ಮರುಕ್ಷಣವೇ ಸಾವಿರಾರು ಅಭಿಮಾನಿಗಳು, ಅವರಲ್ಲಿ ಬಹಳಷ್ಟು ಮಂದಿ ಶಾಲಾ ಮಕ್ಕಳು, ಅಧಿಕಾರಿಗಳ ವಿರುದ್ಧ ಸಾಮಾಜಿಕ ತಾಣಗಳಲ್ಲಿ ಮುಗಿಬಿದ್ದರು. 2024ರಲ್ಲಿ ಆಲಪ್ಪುಝದ ಇನ್ನೊಬ್ಬ ಯೂಟ್ಯೂಬರ್ ತನ್ನ ಕಾರಿನೊಳಗೆ ಈಜುಕೊಳ ನಿರ್ಮಿಸಿ ರಸ್ತೆಗಿಳಿದ. ಇಲಾಖೆ ಕ್ರಮ ಕೈಗೊಂಡಾಗ ತನಗೆ ಸಿಕ್ಕ ಪ್ರಚಾರವನ್ನು ನೆನೆದು ಆತ ಇಲಾಖೆಯನ್ನೇ ಅಣಕಿಸಿದ. ಆ ಪ್ರಕರಣದಲ್ಲಿ ನಿಜಕ್ಕೂ ಉಪಯುಕ್ತವಾದ ಒಂದು ಅಂಶವೇನೆಂದರೆ, ಆತನನ್ನೂ ಗೆಳೆಯರನ್ನೂ ಆಲಪ್ಪುಝ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಸೇವೆಗೆ ಹಚ್ಚಿದುದು. ಅಪಘಾತದಲ್ಲಿ ಕಾಲು ಕಳೆದುಕೊಂಡವನ ಗಾಲಿ ಕುರ್ಚಿಯನ್ನು ಒಂದು ವಾರ ತಳ್ಳಿದವನಿಗೆ ಚಕ್ರದ ಬಗ್ಗೆ ಹೊಸ ತಿಳುವಳಿಕೆ ಬಂದೀತು. ಕೊಪ್ಪಳದಲ್ಲೂ ವೈದ್ಯಕೀಯ ಕಾಲೇಜಿದೆ. ಅದರ ಆಸ್ಪತ್ರೆಯಲ್ಲೂ ಗಾಲಿ ಕುರ್ಚಿಗಳಿವೆ.

ಪೊಲೀಸರು ಅಬ್ಬರಿಸುವುದನ್ನು ನೋಡುತ್ತಾ ಜನರೂ ಅಬ್ಬರಿಸಲು ಕಲಿಯುತ್ತಾರೆ. 2024ರ ಆಗಸ್ಟ್‌ನಲ್ಲಿ ಬೆಂಗಳೂರು-ತುಮಕೂರು ಹೆದ್ದಾರಿಯಲ್ಲಿ ನೆಲಮಂಗಲದ ಬಳಿ ವ್ಹೀಲಿ ಮಾಡುತ್ತಿದ್ದ ಯುವಕರ ಮೇಲೆ ಸಿಟ್ಟಿಗೆದ್ದ ಜನರು ಅವರ ಎರಡು ಸ್ಕೂಟರುಗಳನ್ನು ಎತ್ತಿ ಮೇಲ್ಸೇತುವೆಯಿಂದ ಕೆಳಗಿನ ರಸ್ತೆಗೆ ಎಸೆದರು. ದೇಶವಿಡೀ ಅದನ್ನು ನೋಡಿ ಖುಷಿಪಟ್ಟಿತು. ಆ ಕ್ಷಣದಲ್ಲಿ ಕೆಳಗೆ ಯಾರಾದರೂ ಮಗುವನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರೆ ಏನಾಗುತ್ತಿತ್ತು? ಸಿಟ್ಟು ಸಹಜ. ಆದರೆ ವಾಹನವನ್ನು ಎಸೆಯುವ ಕೈ ನಾಳೆ ವಾಹನ ಸವಾರನನ್ನು ಎಸೆಯುವುದಿಲ್ಲ ಎನ್ನುವುದಕ್ಕೆ ಖಾತರಿಯೇನು? ಮತ್ತು ಸವಾರನ ಹೆಸರು ಕೇಳಿದ ಬಳಿಕ ಆ ಸಿಟ್ಟಿನ ಪ್ರಮಾಣ ಹೆಚ್ಚು ಕಡಿಮೆಯಾಗುವುದಿಲ್ಲ ಎನ್ನುವುದಕ್ಕೆ?

ಈ ಪ್ರಶ್ನೆಯನ್ನು ಸುಮ್ಮನೆ ಎತ್ತಿದ್ದಲ್ಲ. ಗಂಗಾವತಿಯ ಪ್ರಕರಣದಂಥವು ಸುದ್ದಿಯಾದಾಗಲೆಲ್ಲ ಸಾಮಾಜಿಕ ತಾಣಗಳ ಪ್ರತಿಕ್ರಿಯೆಗಳನ್ನು ಓದಿದವರಿಗೆ ಅರ್ಥವಾಗಿರುತ್ತದೆ. ಆರೋಪಿಯ ಹೆಸರು ಮುಸ್ಲಿಮರದ್ದಾದರೆ ವ್ಹೀಲಿಯು ಒಂದು ಸಮುದಾಯದ ಸ್ವಭಾವವಾಗುತ್ತದೆ. ಹೆಸರು ಬೇರೆಯಾದರೆ ಅದು ಹದಿಹರೆಯದ ಸ್ವಭಾವವಾಗುತ್ತದೆ. ವಾಸ್ತವದಲ್ಲಿ ವಾಹನಕ್ಕೆ ಧರ್ಮವಿಲ್ಲ. ಹಬ್ಬದ ಮೆರವಣಿಗೆ ಯಾವ ಧರ್ಮದ್ದೇ ಇರಲಿ, ಅದರ ಬಾಲದಲ್ಲಿ ಸೈಲೆನ್ಸರ್ ಬಿಚ್ಚಿದ ಬೈಕುಗಳ ಒಂದು ಗುಂಪು ಇದ್ದೇ ಇರುತ್ತದೆ.

ಹಾಗಂತ ಈ ತಾರತಮ್ಯವನ್ನು ತೋರಿಸಿ ನಮ್ಮ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ಈದ್‌ನ ದಿನ ಸಂಜೆ ನಮ್ಮ ಮೊಹಲ್ಲಾಗಳ ರಸ್ತೆಗಳಲ್ಲಿ ಏನು ನಡೆಯುತ್ತದೆ ಎಂಬುದು ನಮಗೆ ಗೊತ್ತಿಲ್ಲವೇ? ರಮಝಾನಿನ ರಾತ್ರಿಗಳಲ್ಲಿ ತರಾವೀಹ್ ಮುಗಿಸಿ ಹೊರಟ ಮಗ ಮನೆಗೆ ಮರಳುವುದು ಸಹರಿಯ ಹೊತ್ತಿಗೆ ಎಂದಾದರೆ ಆ ನಡುವಿನ ಗಂಟೆಗಳನ್ನು ಆತ ಎಲ್ಲಿ ಕಳೆದ ಎಂದು ಎಷ್ಟು ತಂದೆಯಂದಿರು ವಿಚಾರಿಸುತ್ತಾರೆ? ದಾರಿಯಿಂದ ತೊಂದರೆಯನ್ನು ಸರಿಸುವುದನ್ನು ವಿಶ್ವಾಸದ ಭಾಗವೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆಂದು ಜುಮಾ ಭಾಷಣಗಳಲ್ಲಿ ಕೇಳುತ್ತೇವೆ. ದಾರಿಗೆ ತೊಂದರೆಯನ್ನು ತಂದು ಹಾಕುವವನು ಅದೇ ಮಸೀದಿಯ ಮುಂದೆ ಬೈಕ್ ನಿಲ್ಲಿಸಿ ಒಳಗೆ ಬಂದಿರುತ್ತಾನೆ. ಜಮಾಅತ್ ಕಮಿಟಿಗಳು ಮದುವೆಯ ದುಂದುವೆಚ್ಚದ ಬಗ್ಗೆ ನಿರ್ಣಯ ಕೈಗೊಳ್ಳುತ್ತವೆ. ಒಳ್ಳೆಯದೇ. ಆದರೆ ಮದುಮಗನನ್ನು ಕರೆತರುವ ಬೈಕುಗಳ ಸಾಲಿನ ಬಗ್ಗೆ ಯಾವ ನಿರ್ಣಯವೂ ಕಾಣುವುದಿಲ್ಲ.

ಹೆತ್ತವರ ವಿಷಯದಲ್ಲಿ ಕಾನೂನು ಅಸ್ಪಷ್ಟವಾಗಿಯೇನೂ ಇಲ್ಲ. ಅಪ್ರಾಪ್ತನ ಕೈಗೆ ವಾಹನ ಕೊಟ್ಟರೆ ಕಾಯ್ದೆಯ 199ಎ ಸೆಕ್ಷನ್ ಪ್ರಕಾರ ಪೋಷಕರಿಗೆ ಅಥವಾ ಮಾಲಿಕರಿಗೆ 3 ವರ್ಷದವರೆಗೆ ಸಜೆ ಮತ್ತು 25 ಸಾವಿರ ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಿಗೆ ಇಲ್ಲ. ರಾಜ್ಯದ ಕೆಲವು ನ್ಯಾಯಾಲಯಗಳು ತಂದೆ ತಾಯಿಗೆ ಈ ದಂಡವನ್ನು ವಿಧಿಸಿಯೂ ಇವೆ. ಗಲ್ಫಿನಲ್ಲಿ ದುಡಿಯುವ ತಂದೆಗೆ ಮಗನ ಜೊತೆ ಇರಲಾಗದ ಅಪರಾಧಿ ಪ್ರಜ್ಞೆ ಕಾಡುತ್ತದೆ, ಅದನ್ನು ಆತ ಬೈಕಿನ ರೂಪದಲ್ಲಿ ತೀರಿಸುತ್ತಾನೆ. ಆದರೆ ಅದೇ ತಂದೆ ದುಡಿಯುವ ಸೌದಿ ಅರೇಬಿಯಾದಲ್ಲಿ ಏನಿದೆ? ಅಲ್ಲಿನ ಯುವಕರ ‘ತಫ್‌ಹೀತ್’ ಎಂಬ ಕಾರು ಹುಚ್ಚಾಟಕ್ಕೆ ಮೊದಲ ಬಾರಿಗೆ 20 ಸಾವಿರ ರಿಯಾಲ್ ದಂಡ ಮತ್ತು 15 ದಿನ ವಾಹನ ಜಪ್ತಿ, ಎರಡನೆಯ ಬಾರಿಗೆ 40 ಸಾವಿರ, ಮೂರನೆಯ ಬಾರಿಗೆ 60 ಸಾವಿರ. ಜೊತೆಗೆ ಆ ದೇಶವು 2020ರಿಂದ ಡಕಾರ್ ರ‍್ಯಾಲಿಯನ್ನು ತನ್ನ ಮರುಭೂಮಿಗೆ ತಂದುಕೊಂಡಿದೆ. ಅಂದರೆ, ಒಂದು ಬಾಗಿಲನ್ನು ಮುಚ್ಚುವಾಗ ಇನ್ನೊಂದನ್ನು ತೆರೆದಿದೆ.

ನಮ್ಮಲ್ಲಿ ತೆರೆದ ಬಾಗಿಲು ಎಲ್ಲಿದೆ? ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಮತ್ತು ಕೊಯಮತ್ತೂರಿನಲ್ಲಿ ರೇಸ್ ಟ್ರ್ಯಾಕ್‌ಗಳಿವೆ. ಹಿಂದೆ ಬೆಂಗಳೂರಿನ ಜಕ್ಕೂರು ವಿಮಾನ ನೆಲೆಯಲ್ಲಿ ನಿಯಮಬದ್ಧ ಡ್ರ್ಯಾಗ್ ಸ್ಪರ್ಧೆಗಳು ನಡೆದದ್ದೂ ಉಂಟು. ಡಕಾರ್ ರ‍್ಯಾಲಿಯಲ್ಲಿ ಓಡಿದ ಬೆಂಗಳೂರಿನ ಸಿ.ಎಸ್. ಸಂತೋಷ್, ಉಡುಪಿಯ ಕೆ.ಪಿ. ಅರವಿಂದ್ ಈ ನಾಡಿನವರೇ. ವೇಗದ ಹಂಬಲ ಅಪರಾಧವಲ್ಲ, ಅದನ್ನು ಸಾರ್ವಜನಿಕ ರಸ್ತೆಯಲ್ಲಿ ತೀರಿಸಿಕೊಳ್ಳುವುದು ಅಪರಾಧ ಎಂಬುದನ್ನು ಇವರ ಬದುಕು ತೋರಿಸುತ್ತದೆ. ಆದರೆ ಗಂಗಾವತಿಯ ಗ್ಯಾರೇಜಿನಲ್ಲಿ ಕೆಲಸ ಮಾಡುವ, ಎಂಜಿನಿನ ಸದ್ದು ಕೇಳಿಯೇ ದೋಷ ಹೇಳಬಲ್ಲ ಹುಡುಗನಿಗೆ ಕೊಯಮತ್ತೂರು ಮತ್ತು ಚಂದ್ರಲೋಕ ಎರಡೂ ಒಂದೇ ದೂರ. ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆಂದು ಮಂಡಳಿಯಿದೆ, ಅನುದಾನವಿದೆ. ಜಿಲ್ಲೆಗೊಂದು ಮಣ್ಣಿನ ಟ್ರ್ಯಾಕು, ಒಬ್ಬ ತರಬೇತುದಾರ, ಒಂದು ಆಂಬುಲೆನ್ಸ್ ಕೇಳುವುದು ಐಷಾರಾಮದ ಬೇಡಿಕೆಯೇನಲ್ಲ. ಎಲ್ಲರೂ ಅಲ್ಲಿಗೆ ಹೋಗುತ್ತಾರೆಂದಲ್ಲ. ಹತ್ತರಲ್ಲಿ ಇಬ್ಬರು ಹೋದರೂ ಆಸ್ಪತ್ರೆಯ ಎರಡು ಹಾಸಿಗೆಗಳು ಖಾಲಿ ಉಳಿಯುತ್ತವೆ.

ಕೊನೆಯದಾಗಿ ಪೊಲೀಸರ ಶಕ್ತಿ ಎಲ್ಲಿ ವ್ಯಯವಾಗುತ್ತಿದೆ ಎಂಬ ಪ್ರಶ್ನೆ. 2025ರ ಮಾರ್ಚ್ 6ರ ರಾತ್ರಿ ಇದೇ ಸಾಣಾಪುರದ ಕಾಲುವೆಯ ದಂಡೆಯಲ್ಲಿ ಕುಳಿತಿದ್ದ ಪ್ರವಾಸಿಗರ ಬಳಿಗೆ ಬೈಕಿನಲ್ಲಿ ಮೂವರು ಬಂದರು. ಪೆಟ್ರೋಲ್ ಎಲ್ಲಿ ಸಿಗುತ್ತದೆಂದು ಕೇಳಿದರು, ಹಣ ಕೇಳಿದರು, ಬಳಿಕ ಗಂಡಸರನ್ನು ಕಾಲುವೆಗೆ ತಳ್ಳಿ ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರವೆಸಗಿದರು. ಒಡಿಶಾದ ಪ್ರವಾಸಿಯೊಬ್ಬರು ನೀರಿನಲ್ಲಿ ಮುಳುಗಿ ಮೃತಪಟ್ಟರು. ಆ ಬೈಕಿಗೆ ಯಾವ ಸೈಲೆನ್ಸರ್ ಇತ್ತು ಎಂಬುದು ಯಾರಿಗೂ ಮುಖ್ಯವಾಗಲಿಲ್ಲ. ಆ ಕತ್ತಲ ರಸ್ತೆಯಲ್ಲಿ ದೀಪವಿತ್ತೇ, ಗಸ್ತು ಇತ್ತೇ ಎಂಬುದು ಮುಖ್ಯವಾಯಿತು. ಹಗಲು ಹೊತ್ತು ಪೇಟೆಯ ವೃತ್ತದಲ್ಲಿ ನಿಂತು ಸೈಲೆನ್ಸರ್ ಎಣಿಸುವುದು ಸುಲಭ. ರಾತ್ರಿ ಕಾಲುವೆಯ ದಂಡೆಯಲ್ಲಿ ಗಸ್ತು ತಿರುಗುವುದು ಕಷ್ಟ. ಅದಕ್ಕೆ ಸಿಬ್ಬಂದಿ ಬೇಕು, ವಾಹನ ಬೇಕು, ಕ್ಯಾಮರಾ ಬೇಕು. ಠಾಣೆಗಳಿಗೆ ಇವನ್ನೆಲ್ಲ ಕೊಡದ ಸರಕಾರವು ರೋಡ್ ರೋಲರಿನ ಚಿತ್ರದಿಂದ ತೃಪ್ತಿಪಡುತ್ತಿದ್ದರೆ ತಳಮಟ್ಟದ ಪೊಲೀಸರನ್ನಷ್ಟೇ ದೂರುವುದು ಅನ್ಯಾಯವಾದೀತು.

ಗಂಗಾವತಿಯ ಪ್ರಕರಣವು ನ್ಯಾಯಾಲಯದ ತೀರ್ಮಾನಕ್ಕೆ ಬಿಟ್ಟ ವಿಷಯ. ಆದರೆ ಸರಕಾರವು ಹೈಕೋರ್ಟಿನ ಮಾತಿಗೆ ಕಿವಿಗೊಟ್ಟು ಹೊಸ ಮಸೂದೆ ತರುವುದಾದರೆ, ಅದನ್ನು ಚರ್ಚಿಸಲು ವಿಧಾನಸೌಧಕ್ಕೆ ಬರುವ ಕಾರುಗಳ ಗಾಜುಗಳನ್ನು ಬಾಗಿಲಲ್ಲೇ ಒಮ್ಮೆ ತಪಾಸಣೆ ಮಾಡಲಿ. ಅದರ ಚಿತ್ರವೂ ಪತ್ರಿಕೆಗಳಲ್ಲಿ ಬರಲಿ.